ಹೆಚ್ಚುವ ಮಣೆ

ಮಣೆಗೂ ನಮಗೂ ಇರುವ ನಂಟು ಹಳೆಯದು. ಮದುವಣಿಗರಿಗೆ ಹಸೆಮಣೆ, ಆಟಿ ತಿಂಗಳ ಬಿಡುವಿಗೆ 14 ಗುಳಿಗಳ ಚೆನ್ನೆಮಣೆ, ಅಡುಗೆಯ ಮನೆಗೆ ಮೆಟ್ಟುಕತ್ತಿಯ ಮಣೆ. ನೆಲದ ಮೇಲೆ ಕುಳಿತು, ಮಣೆಯನ್ನು ಕಾಲಿನಿಂದ ಒತ್ತಿ, ನೆಟ್ಟಗೆ ನಿಂತ ಕತ್ತಿಗೆ ತರಕಾರಿಯನ್ನೊಡ್ಡುವ ಕ್ರಮ ಮಂಗಳೂರಿನ ಹಲವು ಮನೆಗಳಲ್ಲಿ ಹಿಂದೆ ಸರಿದಿದೆ. ಈಗ ನಿಂತು ಅಡುಗೆ, ಕೈಯಲ್ಲಿ ಚೂರಿ, ಚೂರಿಯ ಕೆಳಗೊಂದು ಹಲಗೆ. ಆ ಹಲಗೆಯನ್ನು ತಾವೇ ಮಾಡಿಕೊಳ್ಳಬಹುದು. ವ್ಯಾಕರಣ ಪಾಠ ಹೇಳುವ ನನ್ನಂಥವನಿಂದಲೇ ಆಗಿರುವಾಗ ತಮ್ಮಿಂದ ಆಗದಿರದು.

ಆದರೆ ನನ್ನ ಮೊದಲ ಹಲಗೆಯ ಕಥೆಯನ್ನು ಮೊದಲು ಹೇಳಬೇಕು. ಏಪ್ರಿಲಿನ ರಜೆಯಲ್ಲಿ ಅದನ್ನು ನಯವಾಗಿ ಕೀಸಿ, ಮೇಲ್ಮೈಗೆ ಮಾತ್ರ ಎಣ್ಣೆ ಹಚ್ಚಿದೆ. ಅಡಿಭಾಗವನ್ನು ಯಾರು ನೋಡುತ್ತಾರೆ? ಜೂನಿನ ಮಳೆ ಹಿಡಿದ ಹದಿನೈದು ದಿನಗಳಲ್ಲಿ ಹಲಗೆ ದೋಣಿಯಂತೆ ಬಾಗಿತು. ಸೌತೆಕಾಯಿ ಹೆಚ್ಚುತ್ತಿದ್ದ ನನ್ನಾಕೆಯ ಕೈಕೆಳಗೆ ಅದು ವಾಲಿ, ಚೂರಿ ಜಾರಿ, ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದುವು. "ಮೇಲಿನಿಂದ ಬಹಳ ಚೆಂದ ಉಂಟು" ಎಂದಷ್ಟೇ ಆಕೆ ಹೇಳಿದ್ದು.

ಏಕೆ ಹೀಗಾಯಿತು? ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ತೇವದಿಂದ ಅದು ಉದ್ದಕ್ಕೆ ಹಿಗ್ಗುವುದು ತೀರ ಅಲ್ಪ, ಹಿಗ್ಗುವುದೆಲ್ಲ ಅಗಲಕ್ಕೆ. ಎಣ್ಣೆಯಿಲ್ಲದ ಅಡಿಭಾಗ ಹೆಚ್ಚು ತೇವ ಕುಡಿದು ಹಿಗ್ಗಿತು, ಮೇಲ್ಭಾಗ ಹಿಗ್ಗಲಿಲ್ಲ. ಹಲಗೆ ಬಾಗದೆ ಗತಿಯಿರಲಿಲ್ಲ. ಆದುದರಿಂದ ಎರಡು ಮುಖಗಳಿಗೂ, ನಾಲ್ಕು ಅಂಚುಗಳಿಗೂ ಒಂದೇ ಉಪಚಾರವಾಗಬೇಕು.

ಮರದ ಆಯ್ಕೆಯಲ್ಲಿ ನಮ್ಮ ಹಲಸು ಒಳ್ಳೆಯದು. ಹಳದಿ ಬಣ್ಣದ ಚೇಗನ್ನೇ ಆರಿಸಿರಿ. ಹೊರಗಿನ ಬಿಳಿಯ ಭಾಗದಲ್ಲಿ ಪಿಷ್ಟವಿರುವುದರಿಂದ ಹುಳು ಹಿಡಿಯುತ್ತದೆ. ಕಾಸರಕದಂತಹ ವಿಷದ ಮರ ಅಡುಗೆಮನೆಗೆ ಸಲ್ಲದು. ಹಲಗೆಯ ತುದಿಯನ್ನೂ ನೋಡಿರಿ. ಅಲ್ಲಿ ಕಾಣುವ ಗೆರೆಗಳು ಮಲಗಿದ್ದರೆ ಬಾಗುವ ಭಯ ಹೆಚ್ಚು, ನಿಂತಿದ್ದರೆ ಕಡಿಮೆ. ಮರ ಆ ಬಳೆಗಳ ಜಾಡಿನಲ್ಲಿ ಹಿಗ್ಗಿ ಕುಗ್ಗುವುದು ಅಡ್ಡದಿಕ್ಕಿಗಿಂತ ಸುಮಾರು ಎರಡು ಪಾಲು. ಹಸಿಮರವನ್ನು ನೆರಳಿನಲ್ಲಿ, ನಡುವೆ ಕಡ್ಡಿಗಳನ್ನಿಟ್ಟು ಒಣಗಿಸಬೇಕು. ಆಗಾಗ ತೂಗುತ್ತಿರಿ, ತೂಕ ಇಳಿಯುವುದು ನಿಂತಾಗ ಮರ ಹದವಾಯಿತೆಂದು ತಿಳಿಯಿರಿ.

ಅಳತೆ 35 ಸೆಂಟಿಮೀಟರು ಉದ್ದ, 23 ಅಗಲ, ಎರಡೂವರೆ ದಪ್ಪವಿದ್ದರೆ ಸಾಕು. ಗರಗಸದಿಂದ ಕೊಯ್ದು, ಎಳೆ ಹೋದ ದಿಕ್ಕಿನಲ್ಲಿ ಕೀಸುಳಿ ಓಡಿಸಿರಿ. ಸಮತಟ್ಟಾದ ಕಲ್ಲಿನ ಮೇಲಿಟ್ಟು ಮೂಲೆಗಳನ್ನು ಒತ್ತಿ ನೋಡಿರಿ, ಅಲುಗಾಡಕೂಡದು. ಅಂಚುಗಳ ಚೂಪನ್ನು ಮುರಿದು, ಮರಳುಕಾಗದದಿಂದ ಉಜ್ಜಿರಿ. ಬಳಿಕ ಒದ್ದೆ ಬಟ್ಟೆಯಿಂದೊರಸಿ ಒಣಗಿಸಿದರೆ ಸಣ್ಣ ಎಳೆಗಳು ಎದ್ದು ನಿಲ್ಲುತ್ತವೆ. ಇನ್ನೊಮ್ಮೆ ಉಜ್ಜಿದರೆ ಮುಂದೆ ನೀರು ತಗಲಿದಾಗ ಹಲಗೆ ಅಷ್ಟು ಒರಟಾಗದು.

ಎಣ್ಣೆಯ ವಿಷಯದಲ್ಲಿ ಎಚ್ಚರವಿರಲಿ. ತೆಂಗಿನೆಣ್ಣೆ ಎಂದೂ ಒಣಗಿ ಗಟ್ಟಿಯಾಗದು. ಕ್ರಮೇಣ ಕಮಟು ವಾಸನೆಯೂ ಬರಬಹುದು. ತಿನ್ನಲು ಯೋಗ್ಯವಾದ ಶುದ್ಧ ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ವಾರಗಳಲ್ಲಿ ಗಟ್ಟಿಯಾಗುತ್ತದೆ. ಬಣ್ಣದಂಗಡಿಯ 'ಕುದಿಸಿದ' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುವುದುಂಟು, ಅದು ಬೇಡ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತಬಹುದು, ಹರವಿ ಒಣಗಿಸಿರಿ. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯಂತೂ ಚರ್ಮವನ್ನೇ ಸುಟ್ಟು ಬೊಕ್ಕೆ ಬರಿಸುವಂಥದು. ಊಟದ ಹತ್ತಿರ ಸುಳಿಯಬಾರದು.

ಮರದ ಹಲಗೆ ರೋಗಾಣುಗಳ ಬೀಡೆಂಬ ಮಾತುಂಟು. 1990ರ ದಶಕದಲ್ಲಿ ಅಮೆರಿಕದ ಡೀನ್ ಕ್ಲೈವರ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿದರು. ಮರದೊಳಕ್ಕೆ ಇಳಿದ ರೋಗಾಣುಗಳು ಅಲ್ಲಿ ವೃದ್ಧಿಯಾಗದೆ ಕ್ರಮೇಣ ಸಾಯುತ್ತವೆಂದೂ, ಚೂರಿಯಿಂದ ಗೀರುಬಿದ್ದ ಪ್ಲಾಸ್ಟಿಕ್ ಹಲಗೆಯನ್ನು ಶುದ್ಧಮಾಡುವುದೇ ಕಷ್ಟವೆಂದೂ ಅವರು ಕಂಡರು. ಆದರೂ ಮೀನಿಗೆ ಬೇರೆ ಹಲಗೆ, ತರಕಾರಿಗೆ ಬೇರೆ ಇರಲಿ. ತೊಳೆದ ಕೂಡಲೇ ಒರಸಿ, ಎರಡು ಮುಖಕ್ಕೂ ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಿರಿ.

ನನ್ನ ಎರಡನೆಯ ಹಲಗೆ ಹಲವು ಮಳೆಗಾಲಗಳನ್ನು ಕಂಡೂ ನೇರವಾಗಿದೆ. ಅದನ್ನು ಕೊಟ್ಟ ದಿನ ನನ್ನಾಕೆ ಮೊದಲು ಮಾಡಿದ ಕೆಲಸವೆಂದರೆ ಮಗುಚಿ ಅಡಿಭಾಗವನ್ನು ನೋಡಿದ್ದು. ತಾವೂ ಅಲ್ಲಿಂದಲೇ ಆರಂಭಿಸಿರಿ.