ಅಂಕಪಟ್ಟಿ ಬೇರೆ, ಅರ್ಹತೆ ಬೇರೆ

ದ್ವಿತೀಯ ಪಿಯು ಫಲಿತಾಂಶದ ದಿನ ನೆಂಟರಿಷ್ಟರೆಲ್ಲ ಕೇಳುವುದು ಒಂದೇ ಮಾತು: ಒಟ್ಟು ಎಷ್ಟು ಬಂತು? ಆರು ವಿಷಯ, 600 ಅಂಕ. ಸಂಭ್ರಮವೂ ಸಂಕಟವೂ ಆ ಮೊತ್ತದ ಸುತ್ತಲೇ. ಮುಂದಿನ ಕಾಲೇಜಿನ ಲೆಕ್ಕ ಮಾತ್ರ ಬೇರೆ. ಯಾವ ವಿಷಯ ಓದಿದ್ದೀರಿ, ಅವುಗಳಲ್ಲಿ ಎಷ್ಟು ಬಂದಿದೆ, ಎಲ್ಲಿ ಓದಿದ್ದೀರಿ ಎಂಬುದನ್ನೆಲ್ಲ ಅದು ನೋಡುತ್ತದೆ.

ಈ ಅರ್ಹತೆ ಬಹುಪಾಲು ನಿರ್ಧಾರವಾಗುವುದು ಎಸ್ಸೆಸ್ಸೆಲ್ಸಿ ಮುಗಿಸಿ ಕಾಂಬಿನೇಷನ್ ಬರೆಸುವ ದಿನವೇ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಸಿಗುವುದಿಲ್ಲ. ಭೌತಶಾಸ್ತ್ರ, ಗಣಿತ ಎರಡೂ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಅಥವಾ ಜೀವಶಾಸ್ತ್ರ. ಈ ಮೂರೂ ಸೇರಿ ಶೇ 45, ಮೀಸಲು ವರ್ಗದವರಿಗೆ ಶೇ 40 ಅಂಕ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ ಬೇಕು. ಅದನ್ನು ಪಿಯುನಲ್ಲಿ ಬಿಟ್ಟವರು ಆಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿತು. ಎರಡೂ ಕಡೆಗೆ ಇರಲಿ ಎಂದು ಎಲ್ಲರಿಗೂ ಪಿಸಿಎಂಬಿ ಹೇರುವುದು ನನಗೆ ಒಪ್ಪಿಗೆಯಿಲ್ಲ. ಇತಿಹಾಸವೋ ಲೆಕ್ಕಶಾಸ್ತ್ರವೋ ಇಷ್ಟವಾದ ಹುಡುಗಿಯ ಎರಡು ವರ್ಷ ಅದರಲ್ಲಿ ಬೆಂದುಹೋಗುತ್ತದೆ. ಬಿಎ, ಬಿಕಾಂಗೆ ನಮ್ಮ ವಿಶ್ವವಿದ್ಯಾಲಯಗಳ ಕಾಲೇಜುಗಳು ಪಿಯು ಅಂಕದ ಮೇಲೆಯೇ ಸೇರಿಸಿಕೊಳ್ಳುತ್ತವೆ. ಕಲಬುರಗಿ ಜಿಲ್ಲೆಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಇದೆ, ಕನ್ನಡದಲ್ಲೂ ಬರೆಯಬಹುದು.

ಪಿಯು ಅಂಕಕ್ಕೆ ಎಲ್ಲೆಡೆ ಒಂದೇ ಬೆಲೆಯಿಲ್ಲ. ನೀಟ್‌ನಲ್ಲಿ ಅದು ಹೊಸ್ತಿಲು ಮಾತ್ರ: ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50 ಬಂದರೆ ಆಯಿತು, ರ‍್ಯಾಂಕು ನೀಟ್ ಅಂಕದ ಮೇಲೆ. ಎಂಜಿನಿಯರಿಂಗ್ ಸಿಇಟಿಯಲ್ಲಿ ಅದಕ್ಕೆ ಅರ್ಧ ತೂಕ. ಒಬ್ಬನಿಗೆ ಭೌತ, ರಸಾಯನ, ಗಣಿತದಲ್ಲಿ ಪಿಯುನಲ್ಲಿ ಶೇ 95, ಸಿಇಟಿಯ 180ಕ್ಕೆ 90 ಎನ್ನಿ. ಇನ್ನೊಬ್ಬಳಿಗೆ ಪಿಯುನಲ್ಲಿ ಶೇ 85, ಸಿಇಟಿಯಲ್ಲಿ 108. ಇಬ್ಬರದೂ ಸರಾಸರಿ 72.5. ಪಿಯು ಪಾಠ ಬದಿಗಿಟ್ಟು ಬರೀ ಕೋಚಿಂಗಿಗೆ ಓಡುವವರೂ, ಸಿಇಟಿಯನ್ನು ಕೊನೆಯ ತಿಂಗಳಿಗೆ ದೂಡುವವರೂ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯದ 2021ರಲ್ಲಿ ಮಾತ್ರ ಸಿಇಟಿ ಅಂಕವೊಂದನ್ನೇ ಹಿಡಿದು ರ‍್ಯಾಂಕು ಕೊಟ್ಟರು.

ಕಡಿಮೆ ಬಂತೆಂದು ಕೈಚೆಲ್ಲಬೇಕಿಲ್ಲ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪಿಯು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಕಾಗದಪತ್ರದಲ್ಲಿ. ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೆ ಬೇರೆ ದಾರಿಯಿದೆ, ಅವರು ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಇವನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು. ಹಾಗಾಗಿ ಊರ ಶಾಲೆಯ ಮೇಷ್ಟ್ರ ಹತ್ತಿರ ವ್ಯಾಸಂಗ ಪ್ರಮಾಣಪತ್ರ ಪಡೆದು, ಬಿಇಒ ಕಚೇರಿಯ ಮೇಲುಸಹಿ ಬೇಕಾದಲ್ಲಿ ಹಾಕಿಸಿಕೊಂಡು, ಪರೀಕ್ಷೆಗೆ ಮೊದಲೇ ಕೈಯಲ್ಲಿಟ್ಟುಕೊಂಡಿರಿ.