ದುರಸ್ತಿಯಾದ ಮೇಲೆ ಹೊರಡದ ಗಾಡಿ

ಗ್ಯಾರೇಜಿನಲ್ಲಿ ಬಿಲ್ಲು ತೆತ್ತು ತಂದ ಗಾಡಿಯು ಮರುದಿನವೇ ಮಿಸುಕದೆ ನಿಂತರೆ, ಒಡೆಯನಾದವನು ದೋಷವೆಲ್ಲಿದೆ ಎಂದು ಕೇಳುವ ಮೊದಲು ದೋಷಿ ಯಾರೆಂದು ಕೇಳುತ್ತಾನೆ. ಈ ತಪ್ಪನ್ನು ನಾವೂ ಮಾಡಿದ್ದುಂಟು.

2009ರ ಮಳೆಗಾಲ. ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ, ತರಕಾರಿ ತರಲು ಹಳೆಯ ಮಾರುತಿ ಓಮ್ನಿ ಗಾಡಿಯೊಂದನ್ನು ಇಟ್ಟುಕೊಂಡಿದ್ದೆವು. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಕೆಟ್ಟುದರಿಂದ ಹೊಸದನ್ನು ಹಾಕಿಸಿ ಸಂಜೆ ತಂದುದಾಯಿತು. ಮರುದಿನ ನಸುಕಿನಲ್ಲಿ ವಾಶಿಯ ಸಗಟು ಮಾರುಕಟ್ಟೆಗೆ ಹೊರಡಬೇಕೆನ್ನುವಾಗ, ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದೊಂದೇ! ರಾತ್ರಿ ದೀಪ ಆರಿಸದೆ ಬ್ಯಾಟರಿಯನ್ನು ಬರಿದು ಮಾಡಿದನೆಂದು ಚಾಲಕನನ್ನು ಗದರಿಸಿ, ಒಂದು ದಿನದ ಸಂಬಳ ಮುರಿಯುವುದಾಗಿ ಹೇಳಿಬಿಟ್ಟೆವು. ಅದು ಆತ ಊರಿಗೆ ಹಣ ಕಳುಹಿಸುವ ವಾರ. ಆತ ತಲೆ ತಗ್ಗಿಸಿ ನಿಂತನೇ ಹೊರತು ಮರುಮಾತಾಡಲಿಲ್ಲ.

ಆಗ, ಬಹುಕಾಲ ಟ್ಯಾಕ್ಸಿ ಓಡಿಸಿದ್ದ ನೆರೆಯ ಹಿರಿಯರೊಬ್ಬರು ಬಂದು, "ಮೊದಲು ದೀಪ ಹಾಕಿ ನೋಡಿ ಮಾರಾಯ್ರೇ" ಎಂದರು. ದೀಪ ಪ್ರಖರವಾಗಿ ಉರಿಯಿತು. ಕೀಲಿ ತಿರುಗಿಸಿದಾಗಲೂ ಮಂಕಾಗಲಿಲ್ಲ. "ಬ್ಯಾಟರಿ ಬರಿದಾಗಿಲ್ಲ. ನಿನ್ನೆ ಏನೇನು ಬಿಚ್ಚಿದ್ದರು?" ಎನ್ನುತ್ತ ಸೀಟನ್ನೆತ್ತಿ ನೋಡಿದರು. ಇಂಜಿನಿನಿಂದ ಗಾಡಿಯ ಮೈಗೆ ಜೋಡಿಸುವ ಅರ್ಥಿಂಗ್ ತಂತಿಯ ಬೋಲ್ಟನ್ನು ಬೆರಳಿನಿಂದ ತಿರುಗಿಸಿ ಬಿಟ್ಟಿದ್ದರು, ಪಾನದಿಂದ ಬಿಗಿದಿರಲಿಲ್ಲ. ದೀಪಕ್ಕೆ ಸಾಕಾಗುವ ವಿದ್ಯುತ್ತಿನ ಅನೇಕ ಪಟ್ಟು ಸ್ಟಾರ್ಟರಿಗೆ ಬೇಕು. ಅದು ಬ್ಯಾಟರಿಗೆ ಮರಳುವ ದಾರಿ ಆ ತಂತಿಯೇ. ಬೋಲ್ಟನ್ನು ಉಜ್ಜಿ ಬಿಗಿದೊಡನೆ ಗಾಡಿ ಹೊರಟಿತು.

ದುರಸ್ತಿಯ ನಂತರ ತೋರುವ ಕೇಡನ್ನು ಮೊದಲು ಕೈಯಿಟ್ಟ ಜಾಗದಲ್ಲಿಯೇ ಹುಡುಕತಕ್ಕದ್ದು ಎಂಬುದು ಅಂದು ನಾವು ಕಲಿತ ಪಾಠ. ಇಂಜಿನು ತಿರುಗಿಯೂ ಹತ್ತಿಕೊಳ್ಳದಿದ್ದರೆ ಪ್ಲಗ್ಗಿನ ತಂತಿಗಳ ಕ್ರಮವನ್ನು ನೋಡಬೇಕು. ಮೂರು ಸಿಲಿಂಡರಿನ ಓಮ್ನಿಗೆ 1-3-2, ನಾಲ್ಕು ಸಿಲಿಂಡರಿನ ಹಳೆಯ ಫಿಯೆಟ್ ಮತ್ತು ಅಂಬಾಸಡರುಗಳಿಗೆ 1-3-4-2 ಎಂಬುದು ಕಿಡಿ ಹಾರುವ ಕ್ರಮ. ಎರಡು ತಂತಿಗಳು ಅದಲುಬದಲಾದರೆ ಇಂಜಿನು ಕೆಮ್ಮಿ ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರನ್ನು ಬಿಚ್ಚಿದ್ದರೆ ಅದು ಅರ್ಧ ಸುತ್ತು ತಪ್ಪಿ ಕೂತಿರಲೂಬಹುದು; ಪಿಸ್ಟನ್ನು ಎರಡು ಬಾರಿ ಮೇಲೇರಿದರೂ ಕಿಡಿ ಬೇಕಾದುದು ಒಂದು ಬಾರಿ ಮಾತ್ರ. ಬಳಿಕ ಪೆಟ್ರೋಲಿನ ಕೊಳವೆಗಳನ್ನು ನೋಡಬೇಕು. ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಕಿಡಿಯ ಪರೀಕ್ಷೆಗೆ ಕೈಹಾಕಲೇಬಾರದು. ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ ನಡುವೆ ವಿರಾಮ ಕೊಡಬೇಕು. ಇಂದಿನ ಗಾಡಿಗಳಲ್ಲಿ ಹಾಕಲು ಮರೆತ ಒಂದು ಸೆನ್ಸರಿನ ಪ್ಲಗ್ಗೇ ಇಂಜಿನನ್ನು ತಡೆಯಬಲ್ಲುದು. ಅದನ್ನು ಗ್ಯಾರೇಜಿನವರೇ ನೋಡಲಿ.

ಬಂಧುಗಳೇ, ಗಾಡಿಯನ್ನು ಬಿಡಿಸಿಕೊಳ್ಳುವಾಗ ಯಾವ ಯಾವ ಭಾಗಗಳನ್ನು ಬಿಚ್ಚಿದರೆಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ. ಆ ಚೀಟಿಯಿದ್ದರೆ ಕೇಡನ್ನು ಹುಡುಕುವುದು ಸುಲಭ. ಚಾಲಕನ ಮೇಲೆ ಸುಳ್ಳು ಅಪವಾದವೂ ಬಾರದು. ನಮ್ಮ ಚಾಲಕನ ಸಂಬಳವನ್ನು ನಾವು ಮುರಿಯಲಿಲ್ಲ. ಆದರೆ ನಾಲ್ಕು ಜನರೆದುರು ಗದರಿಸಿದವರು, ತಪ್ಪು ನಮ್ಮದೆಂದು ಆ ನಾಲ್ವರೆದುರೇ ಹೇಳಬೇಕಾಯಿತು. ಬೋಲ್ಟು ಬಿಗಿಯುವುದಕ್ಕಿಂತ ಅದೇ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇವೆ.