ಅಗಲಿದವರ ಆಸ್ತಿ, ಉಳಿದವರ ಹೊಣೆ

ಸಾವಿನ ಮನೆಯಲ್ಲಿ ಆಸ್ತಿಯ ಮಾತೆತ್ತುವುದು ಅಸಭ್ಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಸಹಜವೂ ಹೌದು. ಆದರೆ ಸಭ್ಯರು ಸುಮ್ಮನಿರುವ ಆ ಹದಿಮೂರು ದಿನಗಳಲ್ಲೇ ಯಾರೋ ಒಬ್ಬರು ಛಾಪಾ ಕಾಗದವನ್ನು ಸಿದ್ಧಪಡಿಸಿರುತ್ತಾರೆ. ದುಃಖದ ನಡುವೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ, ವರ್ಷಗಳ ಮೇಲೆ ಅದರ ಅರ್ಥವನ್ನರಿತ ತಾಯಂದಿರನ್ನೂ ಹೆಣ್ಣುಮಕ್ಕಳನ್ನೂ ನನ್ನ ವಕೀಲಿ ವೃತ್ತಿಯಲ್ಲಿ ಕಂಡಿದ್ದೇನೆ. ಆದ್ದರಿಂದಲೇ ಈ ನಾಲ್ಕು ಮಾತು.

ಮೊದಲ ಕೆಲಸ, 21 ದಿನಗಳೊಳಗೆ ಮರಣವನ್ನು ನೋಂದಾಯಿಸುವುದು. ಅನಂತರದ ಪ್ರಶ್ನೆ, ಉಯಿಲು ಇದೆಯೆ ಎಂಬುದು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಹಿಂದೂಗಳ ಹಾಗೂ ಕ್ರೈಸ್ತರ ಉಯಿಲಿಗೆ ಬರೆದವರ ಸಹಿಯ ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಒಳ್ಳೆಯದು, ಕಡ್ಡಾಯವಲ್ಲ. ಉಯಿಲು ಸಾಚಾ ಎಂದು ನ್ಯಾಯಾಲಯ ಮುದ್ರೆಯೊತ್ತಿ ಕೊಡುವ ಪ್ರಮಾಣವೇ ಪ್ರೊಬೇಟ್. ನಮ್ಮ ರಾಜ್ಯದಲ್ಲಿ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಲ್ಲ. ವಿವಾದದ ಸುಳಿವಿದ್ದರೆ ಪಡೆಯುವುದು ಕ್ಷೇಮ. ಆದರೆ ಅದು ಉಯಿಲನ್ನು ಸ್ಥಿರಪಡಿಸುತ್ತದೆಯೇ ಹೊರತು, ಅದರಲ್ಲಿ ಹೇಳಿದ ಮನೆ ಬರೆದವರದೇ ಆಗಿತ್ತೆಂದು ತೀರ್ಮಾನಿಸುವುದಿಲ್ಲ.

ಉಯಿಲಿಲ್ಲದಿದ್ದರೆ? ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ, ಇವರಿಗೆಲ್ಲ 1956ರ ಕಾಯಿದೆ ಸಮಪಾಲು ಕೊಡುತ್ತದೆ. ಮಗನನ್ನು ಕಳೆದುಕೊಂಡ ಮುದಿತಾಯಿಗೂ ಒಂದು ಪಾಲಿದೆಯೆಂಬುದನ್ನು ವಿದ್ಯಾವಂತರೇ ಮರೆಯುತ್ತಾರೆ. ಪಿತ್ರಾರ್ಜಿತದಲ್ಲಿ ಮಗಳು ಹುಟ್ಟಿನಿಂದಲೇ ಹಕ್ಕುದಾರಳೆಂದು 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು.

ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ತಾನೇ ಒಡೆಯನೆಂದು ಭಾವಿಸುವುದುಂಟು. ಅವನು ಹಣವನ್ನು ಸ್ವೀಕರಿಸುವ ಕೈ ಮಾತ್ರ, ಹಣ ವಾರಸುದಾರರದು. ವಿಮೆಯ ವಿಷಯದಲ್ಲೂ 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೀಗೆಯೇ ಹೇಳಿತ್ತು. ಆದರೆ 2015ರ ತಿದ್ದುಪಡಿಯಿಂದ, ವಿಮೆಗೆ ತಂದೆತಾಯಿ, ಪತಿ, ಪತ್ನಿ ಅಥವಾ ಮಕ್ಕಳನ್ನು ನಾಮಿನಿಯಾಗಿಸಿದ್ದರೆ ಹಣ ಸಾಮಾನ್ಯವಾಗಿ ಅವರಿಗೇ ಸಲ್ಲುತ್ತದೆ. ನಾಮಿನಿಯೂ ಇಲ್ಲದೆ ಉಯಿಲೂ ಇಲ್ಲದೆ ಉಳಿದ ದೊಡ್ಡ ಮೊತ್ತದ ಠೇವಣಿಗೆ, ಷೇರಿಗೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗಬಹುದು. ಮನೆ, ಹೊಲಗಳಿಗೆ ಅದು ಅನ್ವಯಿಸುವುದಿಲ್ಲ.

ವಂಶವೃಕ್ಷವೆಂದೊಡನೆ ಸಾಹಿತ್ಯಪ್ರಿಯರಿಗೆ ಕಾದಂಬರಿ ನೆನಪಾದೀತು. ಕಂದಾಯ ಇಲಾಖೆಯಲ್ಲಿ ಅದು ಪೌತಿ ಖಾತೆಗೆ ಬೇಕಾದ ಕಾಗದ. ಆ ವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಕೊಂಬೆ ಬಿಟ್ಟುಹೋಗಿದೆಯೇ ಎಂದು ನೋಡಿಕೊಳ್ಳಿ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲವೆಂಬುದನ್ನೂ ತಿಳಿದಿರಿ. ಹಾಗೆಯೇ ಸತ್ತವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ; ಸ್ವಂತ ಸಂಪಾದನೆಯಿಂದ ಅದನ್ನು ತೀರಿಸಬೇಕಿಲ್ಲ, ತಾವೇ ಜಾಮೀನು ನಿಂತಿದ್ದರೆ ಬೇರೆ ಮಾತು.

ವಕೀಲರ ಶುಲ್ಕಕ್ಕೆ ಅಂಜುವವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಉಚಿತ ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಯನ್ನು ಕೇಳಿದರೆ ಸಾಕು.

ಪಾಲನ್ನು ಪ್ರೀತಿಯಿಂದ ಬಿಟ್ಟುಕೊಡಲು ಯಾರ ಅಡ್ಡಿಯೂ ಇಲ್ಲ. ಆದರೆ ಬಿಟ್ಟುಕೊಡುತ್ತಿರುವುದೇನೆಂದು ಬಲ್ಲವರು ಕೊಟ್ಟರೆ ಮಾತ್ರ ಅದು ದಾನ. ಅಷ್ಟು ತಿಳಿಯುವವರೆಗೆ ಲೇಖನಿಯನ್ನು ಕೆಳಗಿಡಿ, ಕಾಗದ ಕಾಯಲಿ.